ಅದೇ ಡಬ್ಬದ ಪೇಂಟ್ ಹಚ್ಚಿದರೂ ಗೋಡೆಯಲ್ಲಿ ಮಚ್ಚೆ ಯಾಕೆ?

ಪ್ರಶ್ನೆ: ಮೇಸ್ತ್ರಿಗಳೇ, ನಮ್ಮದು ತುಮಕೂರಿನ ಎಸ್.ಎಸ್. ಪುರಂನಲ್ಲಿ ಸ್ವಂತ ಮನೆ. ನಾಲ್ಕು ವರ್ಷದ ಹಿಂದೆ ಯುಗಾದಿಗೆ ಮುಂಚೆ ಒಳಗೆಲ್ಲ ಎಮಲ್ಷನ್ ಹೊಡೆಸಿದ್ದೆವು. ಹಾಲ್‌ಗೆ ತಿಳಿ ಕೆನೆ ಬಣ್ಣ. ಹೋದ ತಿಂಗಳು ಟಿವಿಯನ್ನು ಎದುರು ಗೋಡೆಗೆ ಬದಲಾಯಿಸಿದೆವು. ಹಳೇ ಜಾಗದಲ್ಲಿ ನಾಲ್ಕು ತೂತು ಉಳಿದವು. ಅಡುಗೆಮನೆ ಬಾಗಿಲ ಪಕ್ಕ ಊಟದ ಕುರ್ಚಿ ತಗುಲಿ ತಗುಲಿ ಅಂಗೈಯಗಲ ಪೇಂಟ್ ಎದ್ದಿತ್ತು. ಮಗ ಎರಡಕ್ಕೂ ಪುಟ್ಟಿ ತುಂಬಿ, ಅಟ್ಟದ ಮೇಲೆ ಉಳಿದಿದ್ದ ಅದೇ ಡಬ್ಬದ ಪೇಂಟ್ ಹಚ್ಚಿದ. ಬೆಳಗ್ಗೆ ನೋಡಿದರೆ ಅಷ್ಟೇನೂ ಗೊತ್ತಾಗುವುದಿಲ್ಲ. ಸಂಜೆ ಲೈಟ್ ಹಾಕಿದರೆ ಮಚ್ಚೆ ಮಚ್ಚೆ. ಅದೇ ಪೇಂಟ್ ಅಲ್ವಾ, ಯಾಕೆ ಹೀಗೆ? ದೇವರ ಮನೆ ಗೋಡೆಗೆ ದೀಪದ ಮಸಿ ಬೇರೆ ಹಿಡಿದಿದೆ. ಶ್ರಾವಣದಲ್ಲಿ ಮಗಳ ನಿಶ್ಚಿತಾರ್ಥ, ಮನೆಯಲ್ಲೇ. ಪೂರ್ತಿ ಮನೆಗೆ ಪೇಂಟ್ ಹೊಡೆಸದೆ ಇದನ್ನು ಸರಿ ಮಾಡಬಹುದಾ?

ಉತ್ತರ: ಮಾಡಬಹುದು ಅಮ್ಮಾ. ಆದರೆ ನೀವು ಒಂದೇ ತೊಂದರೆ ಅಂದುಕೊಂಡು ಮೂರು ತೊಂದರೆ ಬರೆದಿದ್ದೀರಿ. ಕುರ್ಚಿ ತಗುಲಿದ ಜಾಗವನ್ನು ಗೊತ್ತೇ ಆಗದ ಹಾಗೆ ಟಚಪ್ ಮಾಡಬಹುದು. ಟಿವಿ ಇದ್ದ ಗೋಡೆಗೆ ಟಚಪ್ ಆಗುವುದಿಲ್ಲ, ಆ ಒಂದು ಗೋಡೆಯನ್ನು ಪೂರ್ತಿ ಹೊಡೆಯಬೇಕು. ದೇವರ ಮನೆಯಲ್ಲಿ ಪೇಂಟ್‌ಗಿಂತ ಮೊದಲು ಮಸಿಯ ಲೆಕ್ಕ ಚುಕ್ತಾ ಮಾಡಬೇಕು. ಒಂದೊಂದಾಗಿ ಹೇಳುತ್ತೇನೆ.

ಮಗನನ್ನು ಬೈಯಬೇಡಿ. ಅವನು ಮಾಡಿದ ತಪ್ಪನ್ನು ವರ್ಷಗಟ್ಟಲೆ ಬ್ರಷ್ ಹಿಡಿದವರೂ ಮಾಡುತ್ತಾರೆ. ನಾನೂ ಮಾಡಿದ್ದೇನೆ, ಆ ಕಥೆ ಆಮೇಲೆ.

ಮೊದಲು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಹಾಲ್‌ನ ಲೈಟ್ ಎಲ್ಲ ಆರಿಸಿ. ಮೊಬೈಲ್ ಟಾರ್ಚ್ ಹಾಕಿ, ಗೋಡೆಗೆ ಒತ್ತಿಕೊಂಡ ಹಾಗೆ ಹಿಡಿಯಿರಿ. ಬೆಳಕು ಗೋಡೆ ಮೈಮೇಲೆ ಜಾರಿಕೊಂಡು ಹೋಗಬೇಕು. ಈಗ ಮಗ ಹಚ್ಚಿದ ಜಾಗ ನೋಡಿ. ಪುಟ್ಟಿಯ ಸುತ್ತ ಒಂದು ಸಣ್ಣ ದಿಣ್ಣೆ ಇರುತ್ತದೆ. ಬ್ರಷ್ ಎಳೆದ ಗೆರೆಗಳು ಎದ್ದು ಕಾಣುತ್ತವೆ. ಅದೇ ಪಕ್ಕದ ಹಳೇ ಪೇಂಟ್ ನೋಡಿದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ತರಿ. ಅದು ನಾಲ್ಕು ವರ್ಷದ ಹಿಂದೆ ರೋಲರ್ ಬಿಟ್ಟು ಹೋದ ಗುರುತು. ಮಚ್ಚೆಯಲ್ಲಿ ಆ ತರಿ ಇಲ್ಲ. ಸಂಜೆ ನಿಮ್ಮ ಟ್ಯೂಬ್‌ಲೈಟ್ ಮಾಡುತ್ತಿರುವುದೂ ಇದೇ ಟಾರ್ಚ್ ಕೆಲಸ. ಗೋಡೆಗೇ ಹೊಡೆದ ಲೈಟ್ ಅಲ್ವಾ, ಬೆಳಕು ಮೇಲಿಂದ ಓರೆಯಾಗಿ ಇಳಿಯುತ್ತದೆ. ಬೆಳಗ್ಗೆ ಕಿಟಕಿಯಿಂದ ಬೆಳಕು ಎದುರಿಗೆ ಬೀಳುವುದರಿಂದ ಏರುತಗ್ಗೆಲ್ಲ ಮುಚ್ಚಿಹೋಗುತ್ತದೆ.

ಇನ್ನೊಂದು ಕಾರಣ ಟಾರ್ಚ್‌ಗೂ ನೇರವಾಗಿ ಸಿಗುವುದಿಲ್ಲ. ಪುಟ್ಟಿ ಪೇಂಟ್ ಕುಡಿಯುತ್ತದೆ. ಹೊಸ ಮಡಕೆಗೆ ನೀರು ಹಾಕಿದರೆ ಹೀರಿಕೊಳ್ಳುತ್ತಲ್ಲ, ಹಾಗೆ. ಎಮಲ್ಷನ್‌ನಲ್ಲಿ ನೀರು, ಬಣ್ಣದ ಪುಡಿ, ಅದನ್ನು ಹಿಡಿದುಕೊಳ್ಳುವ ಅಂಟು ಇರುತ್ತವೆ. ಒಣ ಪುಟ್ಟಿಯ ಮೇಲೆ ಬಿದ್ದ ಪೇಂಟ್‌ನಿಂದ ನೀರೂ ಅಂಟೂ ಸರಕ್ಕನೆ ಒಳಗೆ ಹೋಗುತ್ತವೆ. ಮೇಲೆ ಬಣ್ಣದ ಪುಡಿ ಮಾತ್ರ ಮಂಕಾಗಿ ಉಳಿಯುತ್ತದೆ. ಪಕ್ಕದ ಹಳೇ ಪೇಂಟ್ ಮೇಲೆ ಬಿದ್ದದ್ದು ಎಲ್ಲೂ ಇಳಿಯದೆ ನಿಧಾನವಾಗಿ ಒಣಗಿ, ತನ್ನ ಹೊಳಪು ಉಳಿಸಿಕೊಳ್ಳುತ್ತದೆ. ಹಾಗಾಗಿ ನಡುವೆ ಮಂಕು, ಸುತ್ತ ಹೊಳಪಿನ ಉಂಗುರ. ಡಬ್ಬ ಒಂದೇ ಆದರೂ ಕೆಳಗಿನ ಗೋಡೆ ಎರಡು ಥರ. ನಿಮ್ಮ ಮಗ ಪುಟ್ಟಿ ಮೇಲೆ ಪ್ರೈಮರ್, ಅಂದರೆ ಪೇಂಟ್‌ಗೆ ಮುಂಚೆ ಹಚ್ಚುವ ಅಡಿಕೋಟ್, ಹಾಕಿಲ್ಲ ಅಂತ ನೀವು ಬರೆಯದೇ ಇದ್ದರೂ ನನಗೆ ಗೊತ್ತಾಯಿತು.

ಇನ್ನು ಆ ಅಟ್ಟದ ಮೇಲಿನ ಡಬ್ಬ. ನಾಲ್ಕು ವರ್ಷ ಕೂತ ಡಬ್ಬದಲ್ಲಿ ಬಣ್ಣದ ಪುಡಿಯೆಲ್ಲ ತಳಕ್ಕೆ ಇಳಿದಿರುತ್ತದೆ. ಮುಚ್ಚಳ ತೆಗೆದು, ಬ್ರಷ್ ಅದ್ದಿ, ಹಚ್ಚಿದರೆ ಸಿಗುವುದು ಮೇಲಿನ ತಿಳಿ. ಗಟ್ಟಿ ಸಾರು ಬಿಟ್ಟು ತಿಳಿಸಾರು ಬಡಿಸಿದ ಹಾಗಾಯಿತು. ಒಂದು ಚಪ್ಪಟೆ ಮರದ ಪಟ್ಟಿ ತಗೊಂಡು, ತಳ ಕೆರೆದು, ಕೆಳಗಿನದನ್ನು ಮೇಲಕ್ಕೆ ಎತ್ತಿ ಎತ್ತಿ ಐದು ನಿಮಿಷವಾದರೂ ತಿರುವಬೇಕು. ಪಟ್ಟಿ ಎತ್ತಿದಾಗ ತುದಿಯಲ್ಲಿ ಗಟ್ಟಿ ಮುದ್ದೆ ಅಂಟಿಕೊಂಡಿರಬಾರದು. ಮೇಲೆ ಕೆನೆ ಕಟ್ಟಿದ್ದರೆ ಅದನ್ನು ಕಲಸಬೇಡಿ, ಇಡಿಯಾಗಿ ಎತ್ತಿ ಬಿಸಾಡಿ. ಆಮೇಲೆ ಹಳೇ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ. ಮುಚ್ಚಳ ತೆಗೆದ ಕೂಡಲೇ ಕೊಳೆತ ವಾಸನೆ ಬಂದರೆ, ಕಲಸಿದರೂ ಮೊಸರು ಒಡೆದ ಹಾಗೆ ಕಂಡರೆ, ಆ ಪೇಂಟ್ ಆಸೆ ಬಿಡಿ. ಗೋಡೆಗೆ ಹಚ್ಚಿದರೆ ವಾಸನೆ ಮನೆಯಲ್ಲೇ ಉಳಿಯುತ್ತದೆ. ನಿಶ್ಚಿತಾರ್ಥದ ಮನೆಗೆ ಅದು ಬೇಡ.

ಡಬ್ಬ ಕೆಟ್ಟಿದ್ದರೂ ಎಸೆಯಬೇಡಿ. ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಶೇಡ್ ನಂಬರು, ಯಾವ ಪೇಂಟ್, ಯಾವ ಬೇಸ್ (ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟ್) ಎಲ್ಲ ಇರುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. ಬಿ.ಎಚ್. ರಸ್ತೆಯ ಯಾವುದೇ ದೊಡ್ಡ ಪೇಂಟ್ ಅಂಗಡಿಯಲ್ಲಿ ಟಿಂಟಿಂಗ್ ಮೆಷಿನ್ ಇರುತ್ತದೆ, ನಂಬರು ಕೊಟ್ಟರೆ ಕಲಸಿ ಕೊಡುತ್ತಾರೆ. ಬರೀ ನಂಬರು ಸಾಲದು. ಅದೇ ಶೇಡ್ ನಂಬರನ್ನು ಅಗ್ಗದ ಎಮಲ್ಷನ್‌ನಲ್ಲೂ ಹಾಕಿಸಬಹುದು, ದುಬಾರಿಯದರಲ್ಲೂ ಹಾಕಿಸಬಹುದು. ಬಣ್ಣ ಹತ್ತಿರ ಬರುತ್ತದೆ, ಹೊಳಪು ಬೇರೆ ಆಗುತ್ತದೆ. ಟಚಪ್‌ನಲ್ಲಿ ನಮ್ಮನ್ನು ಹಿಡಿದುಕೊಡುವುದು ಬಣ್ಣಕ್ಕಿಂತ ಹೊಳಪೇ ಜಾಸ್ತಿ.

ಈ ಹೊಳಪಿನ ವಿಷಯದಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ. ನಿಮ್ಮದು ಮ್ಯಾಟ್ ಫಿನಿಶ್ ಆಗಿದ್ದರೆ ಮುಂದೆ ಹೇಳುವುದೆಲ್ಲ ನಡೆಯುತ್ತದೆ. ಓರೆಯಲ್ಲಿ ನಿಂತು ನೋಡಿದಾಗ ರೇಷ್ಮೆ ಸೀರೆಯ ಹಾಗೆ ಮಿನುಗುವ ಪೇಂಟ್ ಆಗಿದ್ದರೆ ಟಚಪ್ ಮಾತೇ ಬೇಡ. ಎಂಥ ಕೈಯಾದರೂ ಅದರಲ್ಲಿ ಮಚ್ಚೆ ಬಿದ್ದೇ ಬೀಳುತ್ತದೆ. ನೇರವಾಗಿ ಪೂರ್ತಿ ಗೋಡೆಗೆ ಹೋಗಿ. ಗಿರಾಕಿಗಳು ಅಂಗಡಿಯಲ್ಲಿ ಹೊಳಪು ಜಾಸ್ತಿ ಇರುವುದೇ ಒಳ್ಳೇ ಪೇಂಟ್ ಅಂದುಕೊಳ್ಳುತ್ತಾರೆ. ಒರೆಸಲು ಅದು ಒಳ್ಳೆಯದು, ನಿಜ. ಆದರೆ ಗಾರೆಯ ಏರುತಗ್ಗನ್ನೂ ಟಚಪ್ಪನ್ನೂ ಅದರಷ್ಟು ಚೆನ್ನಾಗಿ ಎತ್ತಿ ತೋರಿಸುವುದು ಬೇರೊಂದಿಲ್ಲ.

ನೀವು ಎಮಲ್ಷನ್ ಅಂತ ಬರೆದಿದ್ದೀರಿ, ನಂಬುತ್ತೇನೆ. ಆದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಬೆರಳು ಒದ್ದೆ ಮಾಡಿ ಬಾಗಿಲ ಹಿಂದೆ ಗೋಡೆ ಉಜ್ಜಿ ನೋಡಿ. ಬೆರಳಿಗೆ ಬಣ್ಣ ಬಂದರೆ ಅದು ಡಿಸ್ಟೆಂಪರ್ ಅಥವಾ ಸುಣ್ಣ. ತುಮಕೂರಿನ ಚಿಕ್ಕಪೇಟೆ ಕಡೆಯ ಹಳೇ ಮನೆಗಳಲ್ಲಿ, ಕೋಲಾರದ ಹಳ್ಳಿಗಳ ಕಲ್ಲುಚಪ್ಪಡಿ ಮನೆಗಳಲ್ಲಿ ಒಳಗೆ ಇನ್ನೂ ಸುಣ್ಣವೇ ಸಿಗುತ್ತದೆ. ಸುಣ್ಣದ ಮೇಲೆ ಎಮಲ್ಷನ್ ಟಚಪ್ ಕೊಟ್ಟರೆ ಒಂದೆರಡು ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣಕ್ಕೆ ಸುಣ್ಣ, ಡಿಸ್ಟೆಂಪರ್‌ಗೆ ಡಿಸ್ಟೆಂಪರ್. ಅವೆರಡೂ ಒಣಗಿದಾಗ ತಿಳಿಯಾಗುತ್ತವೆ. ಎಮಲ್ಷನ್ ಒಣಗಿದಾಗ ಒಂದು ಕೂದಲೆಳೆ ಗಾಢವಾಗುತ್ತದೆ. ಹಸಿ ಪೇಂಟ್ ನೋಡಿ 'ಅಯ್ಯೋ, ಬಣ್ಣ ಬೇರೆ' ಅಂತ ಗಾಬರಿಯಾಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಈಗ ಕುರ್ಚಿ ತಗುಲಿದ ಜಾಗ. ಅಂಗೈಯಗಲ ಅಂದಿರಿ. ಈಗಾಗಲೇ ಹಚ್ಚಿದ್ದರ ಮೇಲೇ ಇನ್ನೊಂದು ಕೈ ಹಚ್ಚಬೇಡಿ, ದಿಣ್ಣೆ ಇನ್ನೂ ಏರುತ್ತದೆ. 180 ನಂಬರಿನ ಉಪ್ಪುಕಾಗದ ತಂದು, ಒಂದು ಸಣ್ಣ ಮರದ ತುಂಡಿಗೆ ಸುತ್ತಿಕೊಂಡು ಉಜ್ಜಿ. ಬೆರಳಲ್ಲಿ ಹಿಡಿದು ಉಜ್ಜಿದರೆ ಗುಳಿ ಬೀಳುತ್ತದೆ. ಪುಟ್ಟಿಯನ್ನಷ್ಟೇ ಅಲ್ಲ, ಅದರ ಸುತ್ತ ನಾಲ್ಕು ಬೆರಳಷ್ಟು ಹಳೇ ಪೇಂಟ್‌ನ ಅಂಚನ್ನೂ ಇಳಿಜಾರು ಮಾಡಬೇಕು. ಪೇಂಟ್ ಎದ್ದ ಜಾಗದಲ್ಲಿ ಅಂಚು ಮೆಟ್ಟಿಲಿನ ಹಾಗೆ ನಿಂತಿರುತ್ತದೆ. ಎಷ್ಟು ಪುಟ್ಟಿ ತುಂಬಿದರೂ ಆ ಮೆಟ್ಟಿಲು ಉಳಿದರೆ ಲೈಟ್‌ಗೆ ಸಿಕ್ಕಿಬೀಳುತ್ತದೆ. ಪುಟ್ಟಿ ಇನ್ನೂ ತಗ್ಗಾಗಿದ್ದರೆ ಮತ್ತೊಂದು ತೆಳು ಕೈ ಎಳೆಯಿರಿ. ಇಷ್ಟು ಸಣ್ಣ ಜಾಗಕ್ಕೆ ಡಬ್ಬದಲ್ಲಿ ಸಿಗುವ ರೆಡಿ ಅಕ್ರಿಲಿಕ್ ಪುಟ್ಟಿ ಸಾಕು. ಅಗಲ ಬ್ಲೇಡ್ ತಗೊಳ್ಳಿ, ಮಚ್ಚೆಗಿಂತ ಅಗಲ. ಬ್ಲೇಡ್‌ನ ಎರಡೂ ತುದಿ ಗಟ್ಟಿ ಗೋಡೆಯ ಮೇಲೆ ಓಡಬೇಕು. ರಾತ್ರಿಯೆಲ್ಲ ಒಣಗಲಿ. ಬೆಳಗ್ಗೆ 320 ನಂಬರಿನಲ್ಲಿ ಹಗುರವಾಗಿ ಉಜ್ಜಿ. ಉಜ್ಜುವಾಗ ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಆಮೇಲೆ ಕಣ್ಣು ಮುಚ್ಚಿ. ನಿಜವಾಗಿಯೂ ಮುಚ್ಚಿ. ಬೆರಳ ತುದಿಯನ್ನು ಹಳೇ ಗೋಡೆಯಿಂದ ಪುಟ್ಟಿಯ ಮೇಲೆ, ಅಲ್ಲಿಂದ ಮತ್ತೆ ಹಳೇ ಗೋಡೆಗೆ ಸವರಿ. ಎಲ್ಲಿ ಪುಟ್ಟಿ ಶುರುವಾಯಿತು ಅಂತ ಬೆರಳು ಹೇಳುತ್ತಿದ್ದರೆ ಇನ್ನೂ ಉಜ್ಜಬೇಕು. ಕಣ್ಣಿಗಿಂತ ಬೆರಳು ಜಾಣ. ನನ್ನ ಹತ್ತಿರ ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲ ಒಂದು ತಿಂಗಳು ನಾನು ಬ್ರಷ್ ಕೊಡುವುದಿಲ್ಲ. ಬರೀ ಈ ಕೆಲಸ.

ದೂಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಮ್ಮೆ. ಸುತ್ತಲಿನ ಗೋಡೆಯನ್ನೂ ಒರೆಸಿ. ಅಡುಗೆಮನೆ ಬಾಗಿಲ ಪಕ್ಕ ಅಂದರೆ ಒಗ್ಗರಣೆ ಜಿಡ್ಡು ಇದ್ದೇ ಇರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕು ಹನಿ ಸಾಕು. ಇದರಲ್ಲಿ ಎರಡು ಲಾಭ. ಪೇಂಟ್ ಚೆನ್ನಾಗಿ ಹಿಡಿಯುತ್ತದೆ. ಜೊತೆಗೆ ಜಿಡ್ಡು ಹೋದ ಮೇಲೆ ಗೋಡೆಯ ನಿಜವಾದ ಬಣ್ಣ ಗೊತ್ತಾಗುತ್ತದೆ. ಎಷ್ಟೋ ಸಲ ಹೊಸ ಪೇಂಟ್ ತಿಳಿ ಅನ್ನಿಸುವುದು ಸುತ್ತಲಿನ ಗೋಡೆ ಕೊಳೆಯಾಗಿರುವುದಕ್ಕೆ. ಆದರೆ ಮ್ಯಾಟ್ ಪೇಂಟನ್ನು ಗಸಗಸ ತಿಕ್ಕಬೇಡಿ. ತಿಕ್ಕಿದ ಜಾಗ ಪಾಲಿಶ್ ಆಗಿ ಹೊಳೆಯಲು ಶುರುವಾಗುತ್ತದೆ, ಅದೊಂದು ಹೊಸ ಮಚ್ಚೆ.

ಈಗ ಪ್ರೈಮರ್. ಒಳಗೋಡೆಯ ವಾಟರ್ ಪ್ರೈಮರ್, ಪುಟ್ಟಿ ಇರುವಷ್ಟು ಜಾಗಕ್ಕೆ ಮಾತ್ರ, ಸಣ್ಣ ಬ್ರಷ್‌ನಲ್ಲಿ ತೆಳುವಾಗಿ. ಗೋಡೆಯ ಬಾಯಾರಿಕೆ ತೀರಿಸುವುದು ಇದರ ಕೆಲಸ. ಅಂಗೈಯಗಲದ ಜಾಗಕ್ಕೆ ಯಾರು ಪ್ರೈಮರ್ ತರುತ್ತಾರೆ ಅನ್ನಬೇಡಿ, ನಿಮ್ಮ ಮಗನ ಕೆಲಸ ಕೆಟ್ಟದ್ದೇ ಇಲ್ಲಿ. ಅರ್ಧ ದಿನ ಒಣಗಲು ಬಿಡಿ.

ಪೇಂಟ್ ಹಚ್ಚುವ ಮುಂಚೆ ಪರೀಕ್ಷೆ ಮಾಡಿ. ಬಾಗಿಲ ಹಿಂದೆ ಎರಡು ರೂಪಾಯಿ ನಾಣ್ಯದಷ್ಟು ಹಚ್ಚಿ, ಒಂದು ದಿನ ಬಿಟ್ಟು ಹಗಲಲ್ಲಿ ಒಮ್ಮೆ, ಲೈಟ್‌ನಲ್ಲಿ ಒಮ್ಮೆ ನೋಡಿ. ಒಂದು ಗಂಟೆಗೆ ನೋಡಿ ತೀರ್ಮಾನ ಮಾಡಬೇಡಿ.

ನೀರು ಬೆರೆಸುವುದಕ್ಕೆ ಬರೋಣ. ಎಷ್ಟು ಬೆರೆಸಬೇಕು ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಆದರೆ ಉಳಿದ ಪೇಂಟ್‌ಗೆ ನಿಮ್ಮ ಪೇಂಟರ್ ಆಗಲೇ ನೀರು ಹಾಕಿರಬಹುದು. ಅದ್ದಿದ ಕೋಲಿನಿಂದ ಗಟ್ಟಿ ಹಾಲಿನ ಹಾಗೆ ಎಳೆಯಾಗಿ ಇಳಿದರೆ ಇನ್ನು ನೀರು ಬೇಡ. ದೋಸೆ ಹಿಟ್ಟಿನ ಹಾಗಿದ್ದರೆ ಸ್ವಲ್ಪ ಸ್ವಲ್ಪವೇ ಬೆರೆಸಿ. ಟಚಪ್‌ಗೆ ಗಟ್ಟಿ ಪೇಂಟ್ ಶತ್ರು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ಇನ್ನೊಂದು ಮಾತು. ನಿಮ್ಮ ಬೋರ್ ನೀರು ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುತ್ತದಲ್ಲ, ಆ ನೀರನ್ನು ಪುಟ್ಟಿಗೂ ಪೇಂಟ್‌ಗೂ ಹಾಕಬೇಡಿ. ಬೇಕಾಗುವುದು ಒಂದು ಲೋಟ. ಕುಡಿಯುವ ನೀರೇ ಹಾಕಿ.

ಹಚ್ಚುವ ಸಾಮಾನು ಯಾವುದು? ಮೊದಲು ಗೋಡೆಗೆ ಯಾವುದರಲ್ಲಿ ಹೊಡೆದಿದ್ದರೋ ಅದೇ. ನಿಮ್ಮ ಗೋಡೆಯಲ್ಲಿ ಕಿತ್ತಳೆ ಸಿಪ್ಪೆಯ ತರಿ ಇದ್ದರೆ ನಾಲ್ಕಿಂಚಿನ ಸಣ್ಣ ರೋಲರ್ ತನ್ನಿ. ಮೆತ್ತನೆಯ ನೂಲಿನ ಸ್ಲೀವ್ ಇರುವುದು. ಬರೀ ಸ್ಪಂಜಿನದು ತುಂಬಾ ನುಣುಪಾಗಿ ಬಿಡುತ್ತದೆ, ತರಿ ಬರುವುದಿಲ್ಲ. ಟಾರ್ಚ್‌ನಲ್ಲಿ ಉದ್ದುದ್ದ ಗೆರೆ ಕಂಡರೆ ಮೊದಲು ಬ್ರಷ್‌ನಲ್ಲಿ ಹೊಡೆದಿದ್ದಾರೆ ಅಂತ. ಆಗ ಬ್ರಷ್ಷೇ ಸರಿ, ಆ ಗೆರೆ ಓಡುವ ದಿಕ್ಕಿನಲ್ಲೇ.

ರೋಲರನ್ನು ಪೇಂಟ್‌ನಲ್ಲಿ ಉರುಳಿಸಿ, ಒಂದು ರಟ್ಟಿನ ಮೇಲೆ ಉರುಳಿಸಿ ಉರುಳಿಸಿ ಒಣಗಿಸಿ. ಹನಿ ಬೀಳಬಾರದು, ಉರುಳಿಸಿದರೆ ಪಚಪಚ ಸದ್ದು ಬರಬಾರದು. ಸುಮ್ನೆ ಸರಸರ ಅನ್ನಬೇಕು. ಪ್ರೈಮರ್ ಇರುವ ನಡು ಜಾಗದಿಂದ ಶುರು ಮಾಡಿ ಹೊರಕ್ಕೆ ಹೋಗಿ. ಹೊರಗೆ ಹೋದ ಹಾಗೆ ಕೈಯ ಒತ್ತಡ ಕಮ್ಮಿಯಾಗುತ್ತಾ ಬರಬೇಕು. ಕೊನೆಯಲ್ಲಿ ರೋಲರ್ ಉರುಳುತ್ತಿರುವಾಗಲೇ ಗೋಡೆಯಿಂದ ಎತ್ತಿಬಿಡಿ, ವಿಮಾನ ಮೇಲಕ್ಕೆ ಹಾರಿದ ಹಾಗೆ. ಒಂದು ಸಲ ನಾಲ್ಕು ಇಂಚು ಹೋಗಿ ಎತ್ತಿ, ಇನ್ನೊಂದು ಸಲ ಆರು, ಮತ್ತೊಂದು ಸಲ ಮೂರು. ಅಂಚು ಒಂದೇ ಸಾಲಿನಲ್ಲಿ ನಿಲ್ಲಬಾರದು. ಚೌಕವಾಗಿಯಂತೂ ಹಚ್ಚಲೇಬೇಡಿ. ಸುತ್ತ ಟೇಪ್ ಅಂಟಿಸಿ ನೀಟಾಗಿ ಚೌಕ ಹಚ್ಚಿದವರನ್ನು ನೋಡಿದ್ದೇನೆ. ಗೋಡೆಗೆ ಪೋಸ್ಟ್ ಸ್ಟ್ಯಾಂಪ್ ಅಂಟಿಸಿದ ಹಾಗಿತ್ತು.

ಹಚ್ಚುವಾಗ ಫ್ಯಾನ್ ಹಾಕಬೇಡಿ. ಅಂಚು ಬೇಗ ಒಣಗಿ ಗೆರೆ ನಿಲ್ಲುತ್ತದೆ. ಈಗ ಆಷಾಢ. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಕಿಟಕಿ ತೆಗೆದರೆ ರಸ್ತೆ ದೂಳೆಲ್ಲ ಹಸಿ ಪೇಂಟ್ ಮೇಲೆ ಕೂರುತ್ತದೆ. ಗಾಳಿ ಬೀಸುವ ಕಡೆಯ ಕಿಟಕಿ ಮುಚ್ಚಿ, ಇನ್ನೊಂದು ಕಡೆಯದನ್ನು ಅರ್ಧ ತೆಗೆದಿಡಿ. ಒಂದು ಕೋಟ್ ಹಚ್ಚಿ ನಾಲ್ಕೈದು ಗಂಟೆ ಬಿಟ್ಟು ಎರಡನೆಯದು, ಮೊದಲನೆಯದಕ್ಕಿಂತ ಸ್ವಲ್ಪ ಅಗಲಕ್ಕೆ. ಅರೆ ಒಣಗಿದ ಮೇಲೆ 'ಇಲ್ಲಿ ಸ್ವಲ್ಪ ಬಿಟ್ಟಿದೆ' ಅಂತ ಮತ್ತೆ ಕೈ ಹಾಕುವ ಚಪಲ ಎಲ್ಲರಿಗೂ ಬರುತ್ತದೆ. ಕೈ ಕಟ್ಟಿಕೊಂಡು ಆಚೆ ಹೋಗಿ. ಆ ರಾತ್ರಿ ಟಾರ್ಚ್ ಹಿಡಿಯಬೇಡಿ, ಮನಸ್ಸು ಕೆಡುತ್ತದೆ. ಒಂದು ವಾರ ಬಿಟ್ಟು ನೋಡಿ. ಹೊಸ ಪೇಂಟ್‌ನ ಹೊಳಪು ಇಳಿದು ಹಳೆಯದರ ಜೊತೆ ಕೂರಲು ಅಷ್ಟು ದಿನ ಬೇಕು.

ನನ್ನ ಕಥೆ ಹೇಳುತ್ತೇನೆ ಅಂದಿದ್ದೆ. ಸ್ವಂತ ಗುತ್ತಿಗೆ ಹಿಡಿಯಲು ಶುರು ಮಾಡಿದ ಹೊಸತು. ಒಂದು ಮನೆಯಲ್ಲಿ ಎಲೆಕ್ಟ್ರಿಕ್ ಪೈಪ್ ಎಳೆಯಲು ಹಾಲ್ ಗೋಡೆ ಕೊರೆದಿದ್ದರು. ಗಾರೆ ಮೆತ್ತಿ, ಪುಟ್ಟಿ ಎಳೆದು, ಉಳಿದ ಪೇಂಟ್ ಹಚ್ಚಿದೆ. ಒಂದೇ ದಿನದ ಕೆಲಸ. ಮಧ್ಯಾಹ್ನ ಮನೆಯವರು ನೋಡಿ ಮೆಚ್ಚಿದರು, ಕಾಸೂ ಕೊಟ್ಟರು. ಆ ಹಾಲ್‌ಗೆ ಪಶ್ಚಿಮಕ್ಕೆ ಕಿಟಕಿ ಇತ್ತು. ನಾನು ಸಾಮಾನು ಕಟ್ಟಿ ಸೈಕಲ್ ಹತ್ತುವ ಹೊತ್ತಿಗೆ ಐದೂವರೆ. ಒಳಗಿಂದ ಕೂಗಿದರು. ಬಿಸಿಲು ಗೋಡೆಗೆ ಓರೆಯಾಗಿ ಬಿದ್ದಿತ್ತು. ನೆಲದಿಂದ ಸ್ವಿಚ್‌ಬೋರ್ಡ್ ತನಕ, ಅಲ್ಲಿಂದ ಸೀಲಿಂಗ್ ತನಕ, ನಾನು ಹಚ್ಚಿದ ದಾರಿ ಹೆಬ್ಬಾವು ಮಲಗಿದ ಹಾಗೆ ಕಾಣುತ್ತಿತ್ತು. ಮಾರನೇ ದಿನ ನನ್ನ ಕೈಯಿಂದ ಪೇಂಟ್ ತಂದು ಇಡೀ ಗೋಡೆ ಹೊಡೆದುಕೊಟ್ಟೆ. ಅವತ್ತಿನಿಂದ ಎರಡು ಅಭ್ಯಾಸ. ಟಚಪ್ ಕೆಲಸ ಮುಗಿದರೆ ಸಂಜೆ ತನಕ ಕಾದು ನೋಡುತ್ತೇನೆ. ಮೂರು ಜಾಗಕ್ಕಿಂತ ಜಾಸ್ತಿ ಮಚ್ಚೆ ಇರುವ ಗೋಡೆಗೆ ಟಚಪ್ ಒಪ್ಪಿಕೊಳ್ಳುವುದಿಲ್ಲ.

ನಿಮ್ಮ ಟಿವಿ ಗೋಡೆಗೆ ಬಂದೆ. ಅಲ್ಲಿ ನಾಲ್ಕು ತೂತಿಗಿಂತ ದೊಡ್ಡ ತೊಂದರೆ ಟಿವಿಯ ನೆರಳು. ದೂರ ನಿಂತು ನೋಡಿ. ಟಿವಿ ಇದ್ದ ಆಯತ ಸುತ್ತಲಿನ ಗೋಡೆಗಿಂತ ಬೇರೆ ಬಣ್ಣದಲ್ಲಿ ಕಾಣುತ್ತದೆ. ಅದರ ಮೇಲಂಚಿನ ಮೇಲೆ ಬೂದುಬಣ್ಣದ ಮೋಡದ ಹಾಗೆ ಏನೋ ಇರುತ್ತದೆ. ಟಿವಿಯ ಬಿಸಿಗೆ ಮೇಲೇಳುವ ಗಾಳಿ ದೂಳನ್ನು ತಂದು ಅಲ್ಲಿ ಮೆತ್ತಿರುತ್ತದೆ. ಹಿಂದಿನ ಭಾಗಕ್ಕೆ ನಾಲ್ಕು ವರ್ಷ ಬೆಳಕೂ ತಾಗಿಲ್ಲ, ಊದುಬತ್ತಿ ಹೊಗೆಯೂ ಅಷ್ಟಾಗಿ ತಾಗಿಲ್ಲ. ಹಾಗಾಗಿ ಆ ಒಂದೇ ಗೋಡೆಯಲ್ಲಿ ಈಗ ಎರಡು ಬಣ್ಣ. ಯಾವುದಕ್ಕೆ ಹೊಂದಿಸುತ್ತೀರಿ? ಚೀಟಿ ನಂಬರಿನ ಪೇಂಟ್ ಟಿವಿ ಹಿಂದಿನ ಭಾಗಕ್ಕೆ ಹೊಂದುತ್ತದೆ, ಸುತ್ತಲಿನದಕ್ಕೆ ಹೊಂದುವುದಿಲ್ಲ. ಅಲ್ಲಿ ಟಚಪ್ ಮಾಡುತ್ತಾ ಕೂತರೆ ಪೇಂಟೂ ದಂಡ, ಭಾನುವಾರವೂ ದಂಡ.

ಆ ಗೋಡೆಯನ್ನು ಮೂಲೆಯಿಂದ ಮೂಲೆಗೆ, ಸೀಲಿಂಗ್‌ನಿಂದ ಸ್ಕರ್ಟಿಂಗ್ ತನಕ ಪೂರ್ತಿ ಹೊಡೆಯಿರಿ. ಪಕ್ಕದ ಗೋಡೆಗೆ ವ್ಯತ್ಯಾಸ ಕಾಣಲ್ವಾ ಅಂತ ಕೇಳುತ್ತೀರಿ. ಕಾಣುವುದಿಲ್ಲ. ಈಗಲೇ ಯಾವುದಾದರೂ ಮೂಲೆ ನೋಡಿ. ಒಂದೇ ದಿನ ಒಂದೇ ಡಬ್ಬದಲ್ಲಿ ಹೊಡೆದ ಎರಡು ಗೋಡೆ ಆ ಮೂಲೆಯಲ್ಲಿ ಎರಡು ಬಣ್ಣದ ಹಾಗೆ ಕಾಣುತ್ತವೆ, ಒಂದು ಬೆಳ್ಳಗೆ, ಇನ್ನೊಂದು ಕೊಂಚ ಮಬ್ಬು. ಬೆಳಕು ಬೀಳುವ ಕೋನ ಬೇರೆ. ಮೂಲೆಯಲ್ಲಿ ವ್ಯತ್ಯಾಸ ಇರುವುದು ಕಣ್ಣಿಗೆ ಮೊದಲೇ ರೂಢಿ. ಗೋಡೆಯ ನಡುವೆ ಅದೇ ವ್ಯತ್ಯಾಸ ಬಂದರೆ ಮಾತ್ರ ಕಣ್ಣು ಅಲ್ಲೇ ನಿಲ್ಲುತ್ತದೆ.

ತೂತುಗಳಿಗೆ ಪುಟ್ಟಿ ಒಂದೇ ಸಲ ತುಂಬಬಾರದು. ಟಿವಿ ಸ್ಕ್ರೂ ತೂತು ಆಳ. ಒಳಗಿನ ಪ್ಲಾಸ್ಟಿಕ್ ಪ್ಲಗ್ ಎಳೆದು ತೆಗೆಯಿರಿ, ಬರದಿದ್ದರೆ ಸುತ್ತಿಗೆಯಲ್ಲಿ ಒಳಗೆ ತಳ್ಳಿ. ತೂತಿಗೆ ನೀರು ಚಿಮುಕಿಸಿ, ಗಟ್ಟಿಯಾಗಿ ಕಲಸಿದ ಬಿಳಿ ಸಿಮೆಂಟ್ ಒತ್ತಿ. ಅದು ಗಟ್ಟಿಯಾದ ಮೇಲೆ ಮೇಲಿನ ಪದರ ಮಾತ್ರ ಪುಟ್ಟಿ. ಬರೀ ಪುಟ್ಟಿ ತುರುಕಿದರೆ ಒಣಗಿದಾಗ ಕುಗ್ಗಿ ಗುಳಿ ಬೀಳುತ್ತದೆ. ಮಗ ತುಂಬಿದ್ದು ಈಗ ಒಳಕ್ಕೆ ಇಳಿದಿದ್ದರೆ ಆಶ್ಚರ್ಯ ಇಲ್ಲ. ನಾಲ್ಕಕ್ಕೂ ಪ್ರೈಮರ್ ಮರೆಯಬೇಡಿ. ಪೂರ್ತಿ ಗೋಡೆ ಹೊಡೆದರೂ ಪ್ರೈಮರ್ ಇಲ್ಲದ ಪುಟ್ಟಿ ಅಡಿಯಿಂದ ಇಣುಕುತ್ತದೆ.

ಎಷ್ಟು ಪೇಂಟ್ ಬೇಕು? ಹನ್ನೆರಡು ಅಡಿ ಅಗಲ, ಹತ್ತಡಿ ಎತ್ತರ ಅಂದರೆ 120 ಚದರಡಿ. ಎರಡು ಕೋಟ್‌ಗೆ ಲೀಟರಿಗೆ 60 ಚದರಡಿ ಅಂತ ನಾನು ಕೈಹಿಡಿತದ ಲೆಕ್ಕ ಹಾಕುತ್ತೇನೆ. ಎರಡು ಲೀಟರ್. ಒಂದೊಂದು ಲೀಟರಿನ ಎರಡು ಡಬ್ಬ ತಂದರೆ ಎರಡನ್ನೂ ಒಂದೇ ಬಕೆಟ್‌ಗೆ ಸುರಿದು ಕಲಸಿ. ಮೆಷಿನ್ ಹಾಕುವ ಬಣ್ಣದ ಹನಿ ಸಣ್ಣ ಡಬ್ಬದಲ್ಲಿ ಕೊಂಚ ಆಚೀಚೆ ಆದರೂ ಶೇಡ್ ಬದಲಾಗುತ್ತದೆ. ಮೊದಲ ಡಬ್ಬ ಅರ್ಧ ಗೋಡೆಗೆ, ಎರಡನೆಯದು ಇನ್ನರ್ಧಕ್ಕೆ ಹೊಡೆದು ಗೋಡೆ ಮಧ್ಯೆ ಗಡಿ ಹಾಕಿಸಿಕೊಂಡವರು ಇದ್ದಾರೆ. ಮೂಲೆ ಮತ್ತು ಸೀಲಿಂಗ್ ಅಂಚನ್ನು ಬ್ರಷ್‌ನಲ್ಲಿ ಎಳೆದ ಕೂಡಲೇ, ಅದು ಹಸಿ ಇರುವಾಗಲೇ ರೋಲರ್ ಹಾಕಿ. ಒಂದು ಮೂಲೆಯಿಂದ ಶುರು ಮಾಡಿದರೆ ಇನ್ನೊಂದು ಮೂಲೆ ತಲುಪಿದ ಮೇಲೆಯೇ ಕಾಫಿ.

ದೇವರ ಮನೆ ಮಸಿ ಸಣ್ಣ ವಿಷಯ, ಆದರೆ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಮೊದಲೇ ಒದ್ದೆ ಬಟ್ಟೆ ಹಾಕುತ್ತಾರೆ. ಎಣ್ಣೆ ಮಸಿ ಹರಡಿ ಇಡೀ ಗೋಡೆ ಕಾಡಿಗೆ ಹಚ್ಚಿದ ಹಾಗಾಗುತ್ತದೆ. ಮೊದಲು ಒಣ ಸ್ಪಂಜಿನಲ್ಲಿ ಮೇಲಿಂದ ಕೆಳಕ್ಕೆ ಒತ್ತದೆ ಒರೆಸಿ, ಸ್ಪಂಜಿನ ಮುಖ ತಿರುಗಿಸುತ್ತಾ ಇರಿ. ಮಸಿ ಬರುವುದು ನಿಂತ ಮೇಲೆ ಸೋಪಿನ ನೀರು. ಪೂರ್ತಿ ಒಣಗಿದ ಮೇಲೆ ಆಯಿಲ್ ಪ್ರೈಮರ್ ಒಂದು ಕೋಟ್. ವಾಟರ್ ಪ್ರೈಮರ್ ಇಲ್ಲಿ ಸಾಲದು, ಮಸಿ, ಎಣ್ಣೆ, ಅರಿಶಿನ ಅದರೊಳಗಿಂದ ಮತ್ತೆ ಮೇಲೆ ಬರುತ್ತವೆ. ಮಕ್ಕಳು ಗೀಚಿದ ಬಾಲ್‌ಪೆನ್ನಿಗೂ ಮಳೆ ನೀರಿನ ಕಂದು ಕಲೆಗೂ ಇದೇ ಮದ್ದು. ಆಯಿಲ್ ಪ್ರೈಮರ್ ವಾಸನೆ ಜೋರು, ಕಿಟಕಿ ತೆಗೆದಿಡಿ, ಹತ್ತಿರದಲ್ಲಿ ದೀಪ ಹಚ್ಚಬೇಡಿ. ಆ ಎರಡು ದಿನ ದೇವರನ್ನು ಬೇರೆ ಕಡೆ ಕೂರಿಸಿ. ಸಣ್ಣ ಕೋಣೆಯಾದ್ದರಿಂದ ಪೇಂಟ್ ಪೂರ್ತಿ ಗೋಡೆಗೇ ಹೊಡೆದುಬಿಡಿ.

ಮನೆ ಹಳೆಯದಾಗಿದ್ದು, ಇದೇ ಜೋರಿನಲ್ಲಿ ಬಾಗಿಲು ಕಿಟಕಿಯ ಆಯಿಲ್ ಪೇಂಟನ್ನೂ ಉಜ್ಜಲು ಹೊರಟಿದ್ದರೆ ಒಂದು ಎಚ್ಚರಿಕೆ. ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಆಯಿಲ್ ಪೇಂಟ್‌ನಲ್ಲಿ ಸೀಸ ಜಾಸ್ತಿ ಇರಬಹುದು. ಒಣಗಿದ್ದನ್ನು ಹಾಗೇ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಕ್ಕಳನ್ನು ಆಚೆ ಕಳಿಸಿ.

ಗೋಡೆ ತಳದಲ್ಲಿ ಅಥವಾ ಬಾತ್‌ರೂಮ್ ಹಿಂದಿನ ಗೋಡೆಯಲ್ಲಿ ಪೇಂಟ್ ಉಬ್ಬಿ, ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತಿದ್ದರೆ ಮೇಲಿನ ಯಾವುದೂ ಅಲ್ಲಿಗಲ್ಲ. ಅದು ತೇವ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸುವ ತನಕ ಬ್ರಷ್ ಮುಟ್ಟಬೇಡಿ.

ದಿನದ ಲೆಕ್ಕ ಹೀಗೆ ಹಾಕಿಕೊಳ್ಳಿ. ಉಜ್ಜುವುದು, ಪುಟ್ಟಿ, ಮಸಿ ಒರೆಸುವುದು ಒಂದು ಶನಿವಾರ. ಪ್ರೈಮರ್ ಮತ್ತು ಕುರ್ಚಿ ಜಾಗ ಭಾನುವಾರ. ಟಿವಿ ಗೋಡೆ, ದೇವರ ಮನೆ ಮುಂದಿನ ವಾರ. ನಿಶ್ಚಿತಾರ್ಥಕ್ಕೆ ಹದಿನೈದು ದಿನ ಮುಂಚೆ ಎಲ್ಲ ಮುಗಿದಿರಲಿ. ವಾಸನೆ ಹೋಗಲಿಕ್ಕೂ ಬೇಕು, ಹೊಸ ಪೇಂಟ್ ಗಟ್ಟಿಯಾಗಲಿಕ್ಕೂ ಬೇಕು. ಹಸಿ ಇರುವಾಗ ಹೂವಿನ ಹಾರದ ಟೇಪ್ ಅಂಟಿಸಿ ಕಿತ್ತರೆ ಪೇಂಟೂ ಟೇಪಿನ ಜೊತೆ ಬರುತ್ತದೆ. ಆ ಗೋಡೆಗೆ ಡೆಕೊರೇಷನ್‌ನವರು ಟೇಪ್ ಮುಟ್ಟಿಸದ ಹಾಗೆ ಮಗನನ್ನೇ ಕಾವಲಿಗೆ ನಿಲ್ಲಿಸಿ.

ಮಿಕ್ಕ ಪೇಂಟನ್ನು ದೊಡ್ಡ ಡಬ್ಬದಲ್ಲಿ ಬಿಡಬೇಡಿ, ಒಳಗೆ ಗಾಳಿ ಜಾಸ್ತಿ ಇದ್ದಷ್ಟೂ ಬೇಗ ಕೆನೆ ಕಟ್ಟುತ್ತದೆ. ನೀರು ಬೆರೆಸದ ಪೇಂಟನ್ನು ಉಪ್ಪಿನಕಾಯಿಯ ಹಳೇ ಗಾಜಿನ ಬಾಟಲಿಗೆ ಕತ್ತಿನ ತನಕ ತುಂಬಿ. ಮುಚ್ಚಳದಡಿ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಗಟ್ಟಿಯಾಗಿ ತಿರುಗಿಸಿ. ಅಟ್ಟದ ಮೇಲೆ ಶೀಟಿನ ಬಿಸಿಗೆ ಇಡಬೇಡಿ, ಮಂಚದ ಕೆಳಗೆ ಸಾಕು. ಹೊರಗಡೆ ಮಾರ್ಕರ್‌ನಲ್ಲಿ ಬರೆಯಿರಿ: ಹಾಲ್, ಶೇಡ್ ನಂಬರು, ತಿಂಗಳು, ವರ್ಷ, ರೋಲರ್. 'ಪೇಂಟ್' ಅಂತಲೂ ದೊಡ್ಡದಾಗಿ ಬರೆಯಿರಿ. ಉಪ್ಪಿನಕಾಯಿ ಬಾಟಲಿ ಅಲ್ವಾ.